ಎಂಟನೇ ತರಗತಿಯ ಹಂಪವ್ವ

ಹಿಟ್ನಾಳದ ಹೆದ್ದಾರಿ ಬಿಟ್ಟು ಮೂರು ಕಿಲೋಮೀಟರ್ ಒಳಗೆ ನಡೆದರೆ ಒಂದು ಊರು ಸಿಗುತ್ತದೆ. ಅಲ್ಲಿಯ ಸರ್ಕಾರಿ ಶಾಲೆಯಲ್ಲಿ ಹಂಪವ್ವ ಹತ್ತೊಂಬತ್ತು ವರ್ಷಗಳಿಂದ ಬಿಸಿಯೂಟದ ಮುಖ್ಯ ಅಡುಗೆಯವಳು. ಈ ಅವಧಿಯಲ್ಲಿ ಏಳು ಜನ ಹೆಡ್‌ಮಾಸ್ತರರು ಬಂದು ಹೋದರು, ಒಲೆ ಕಟ್ಟಿಗೆಯಿಂದ ಗ್ಯಾಸಿಗೆ ಬದಲಾಯಿತು, ಶಾಲೆಯ ಗೋಡೆಗೆ ನಾಲ್ಕು ಸಲ ಬಣ್ಣ ಬಳಿದರು. ಹಂಪವ್ವ ಬದಲಾಗಲಿಲ್ಲ. ವಯಸ್ಸು ಐವತ್ತಾರು, ಓದಿದ್ದು ಮೂರನೇ ತರಗತಿಯವರೆಗೆ. ಅವಳ ಸಾರಿನಲ್ಲಿ ಉಪ್ಪು ಎಂದೂ ಹೆಚ್ಚಾದದ್ದಿಲ್ಲ. ಮಾತಿನಲ್ಲಿ ಮಾತ್ರ ಯಾವಾಗಲೂ ಒಂದು ಚಿಟಿಕೆ ಹೆಚ್ಚೇ ಬೀಳುತ್ತಿತ್ತು.

ಗಂಡ ವಿರುಪಣ್ಣ ಗಿಣಿಗೇರಾದ ಕಡೆ ಒಂದು ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರ. ಹಂಪವ್ವ ಅವನ ಹೆಂಡತಿಯಾದದ್ದು ಹಿರಿಯರ ಇಚ್ಛೆಯಿಂದ, ಅವನ ತಾಯಿಯ ಸೊಸೆಯಾದದ್ದು ಹಣೆಬರಹದಿಂದ. ಶಾಲೆಯ ಒಲೆಯ ಮುಂದಿನ ಜಾಗವನ್ನು ಮಾತ್ರ ಅವಳು ತಾನಾಗಿ ಕೇಳಿ ಪಡೆದಿದ್ದಳು. ಮದುವೆಮನೆಯಲ್ಲಿ ‘ಸಾಲಿ ಹಂಪವ್ವ ಬಂದ್ಲು’ ಎಂದು ಜನ ಸರಿದು ಕೂರುತ್ತಿದ್ದರು. ಆ ಜಾಗ ಹೋದರೆ ತಾನು ಯಾರಾಗಿ ಉಳಿಯುತ್ತೇನೆ ಎಂಬ ಪ್ರಶ್ನೆ ಅವಳಿಗೆ ಅಲ್ಲಿಯವರೆಗೆ ಬಂದಿರಲಿಲ್ಲ. ಬಂದದ್ದು ಟ್ಯಾಬ್ ಬಂದ ಮೇಲೆ.

ಶಾಲೆಯಲ್ಲಿ ಗಣಿತದ ಮಾಸ್ತರರ ಹುದ್ದೆ ಮೂರು ವರ್ಷಗಳಿಂದ ಖಾಲಿಯಿತ್ತು. ಮಾಸ್ತರರನ್ನು ಕಳಿಸುವುದಕ್ಕಿಂತ ಮಾಸ್ತರರ ಚಿತ್ರವನ್ನು ಕಳಿಸುವುದು ಸುಲಭವೆಂದು ಯಾರಿಗೋ ಹೊಳೆಯಿತು. ‘ಅಂಗೈ ಅರಿವು’ ಎಂಬ ಯೋಜನೆ ಶುರುವಾಯಿತು. ಗೋಡೆಗೆ ಒಂದು ಟಿ.ವಿ., ಮೇಜಿನ ಮೇಲೆ ಒಂದು ಟ್ಯಾಬ್. ದೂರದ ಊರಿನ ಸ್ಟುಡಿಯೋದಲ್ಲಿ ಕನ್ನಡಕದ ತರುಣನೊಬ್ಬ ನಿಂತು ಪಾಠ ಮಾಡಿದರೆ ಎಂಟನೇ ತರಗತಿಯ ಹನ್ನೊಂದು ಮಕ್ಕಳು ಇಲ್ಲಿ ಕೂತು ಕಲಿಯಬೇಕು. ಹಾಜರಿ ಕೂಗುವ ಅಗತ್ಯವಿಲ್ಲ. ಟ್ಯಾಬ್ ಒಂದೊಂದೇ ಮುಖ ನೋಡಿ ಗುರುತು ಹಿಡಿಯುತ್ತದೆ.

ಹೊಸ ಯಂತ್ರಕ್ಕೆ ಪೂಜೆಯಾಗದೆ ಗುಂಡಿ ಒತ್ತುವ ರೂಢಿ ಆ ಊರಿನಲ್ಲಿಲ್ಲ. ಟ್ರ್ಯಾಕ್ಟರಿಗೆ ಆಗಿದೆ, ಹಿಟ್ಟಿನ ಗಿರಣಿಗೆ ಆಗಿದೆ, ಪಂಚಾಯಿತಿಯ ಕಸದ ಗಾಡಿಗೂ ಆಗಿದೆ. ಹೆಡ್‌ಮಾಸ್ತರ್ ಸುಭಾಷ್ ವಿಜ್ಞಾನ ಓದಿದವರು. ಆದರೂ ಊರಿನ ಎದುರು ನಿಲ್ಲುವಷ್ಟು ಓದಿರಲಿಲ್ಲ. ಟ್ಯಾಬನ್ನು ಕುರ್ಚಿಯ ಮೇಲೆ ಒರಗಿಸಿ, ಮುಂದೆ ನಿಂಬೆಹಣ್ಣು, ಊದಿನಕಡ್ಡಿ ಇಟ್ಟರು. ಅವಸರದಲ್ಲಿ ಅವರು ಅದಾಗಲೇ ಎಂಟನೇ ತರಗತಿಯ ಪಟ್ಟಿ ತೆರೆದಿದ್ದರು. ಪಟ್ಟಿಯ ಮೊದಲ ಹೆಸರು ಅನುಸೂಯಾ. ‘ಅನುಸೂಯಾ, ನಿಮ್ಮ ಮುಖ ತೋರಿಸಿ’ ಎಂದು ಪರದೆ ಕೇಳುತ್ತಾ ಕೂತಿತ್ತು.

ಪೂಜೆ ಯಾವಾಗಲೂ ಹಂಪವ್ವನದೇ. ಅವಳು ವಿಭೂತಿ ಹಚ್ಚಲು ಬಗ್ಗಿದಳು. ಪರದೆಯಲ್ಲಿ ತನ್ನ ಮುಖವೇ ಕಂಡಿತು. ಕನ್ನಡಿಯೆಂದುಕೊಂಡು ಸೆರಗು ಸರಿಮಾಡಿಕೊಂಡು, ಒಂದು ಗಳಿಗೆ ನೆಟ್ಟಗೆ ನೋಡಿದಳು. ಟ್ಯಾಬ್ ಗಂಟೆಯಂತೆ ಸದ್ದು ಮಾಡಿ ‘ನೋಂದಣಿ ಯಶಸ್ವಿ’ ಎಂದಿತು. ಯಂತ್ರ ಪೂಜೆ ಒಪ್ಪಿಕೊಂಡಿತೆಂದು ಜನ ಚಪ್ಪಾಳೆ ತಟ್ಟಿದರು. ಕಾಯಿ ಒಡೆದು ಹಂಚಲಾಯಿತು.

ಮರುದಿನ ಅನುಸೂಯಾ ಟ್ಯಾಬಿನ ಮುಂದೆ ನಿಂತಳು. ಹದಿಮೂರು ವರ್ಷದ ಹುಡುಗಿ, ಲೆಕ್ಕದಲ್ಲಿ ಚುರುಕು, ನಾಲಗೆಯಲ್ಲಿ ಅದಕ್ಕಿಂತ ಚುರುಕು. ಹಿಟ್ನಾಳದ ಹೈಸ್ಕೂಲಿಗೆ ಹೋಗಬೇಕೆಂದು ಐದನೇ ತರಗತಿಯಿಂದ ಹೇಳುತ್ತಿದ್ದವಳು. ‘ನೀವು ಅನುಸೂಯಾ ಅಲ್ಲ’ ಎಂದಿತು ಟ್ಯಾಬ್.

“ಮತ್ಯಾರು ನಾನು?” ಎಂದಳು ಅನುಸೂಯಾ.

ಸುಭಾಷ್ ಮಾಸ್ತರ್ ನೋಂದಣಿಯ ಚಿತ್ರ ತೆರೆದು ನೋಡಿದರು. ಹಣೆಯ ತುಂಬ ಕುಂಕುಮ ಹಚ್ಚಿಕೊಂಡು ಹಂಪವ್ವ ಅವರನ್ನೇ ದಿಟ್ಟಿಸುತ್ತಿದ್ದಳು. ಅವರು ಅಡುಗೆಕೋಣೆಗೆ ಹೋಗಿ ಮೆಲ್ಲಗೆ ಕೇಳಿದರು.

“ಹಂಪವ್ವ, ಒಂದ್ ನಿಮಿಷ ಬಾ ಯವ್ವ. ಮಾರಿ ತೋರಿಸಿ ಹೋಗು.”

“ಯಾಕ್ರಿ ಸರ? ಹೆಣ್ಣು ನೋಡಾಕ ಬಂದಾರೇನು?”

ಒಂದು ನಿಮಿಷ ಎಂದದ್ದು ಒಂದು ವರ್ಷವಾಯಿತು. ಮುಖ ತೋರಿಸಿ ಎದ್ದು ಹೋಗುವಂತಿರಲಿಲ್ಲ. ಮಕ್ಕಳು ತಪ್ಪಿಸಿಕೊಳ್ಳಬಾರದೆಂದು ಟ್ಯಾಬ್ ಆಗಾಗ ತಲೆ ಎಣಿಸಿ ಮುಖ ಹುಡುಕುತ್ತಿತ್ತು. ಅನುಸೂಯಾಳ ಮುಖ ಕಾಣದಿದ್ದರೆ ಆ ದಿನದ ಹಾಜರಿ ಇಲ್ಲ. ಹಾಜರಿ ಇಲ್ಲದಿದ್ದರೆ ಕೊನೆಯ ಪರೀಕ್ಷೆಯಿಲ್ಲ. ಹೀಗಾಗಿ ಹಂಪವ್ವ ದಿನಾ ಹನ್ನೊಂದರಿಂದ ಹನ್ನೆರಡರವರೆಗೆ ಮುಂದಿನ ಬೆಂಚಿನಲ್ಲಿ ಕೂತಳು. ಟ್ಯಾಬಿಗೆ ಕಾಣುವುದು ಕತ್ತಿನ ಮೇಲಿನ ಭಾಗ ಮಾತ್ರ. ಕೆಳಗೆ ಕೈಗಳು ಬದನೆಕಾಯಿ ಹೆಚ್ಚುತ್ತಿದ್ದವು. ಅನುಸೂಯಾ ಟ್ಯಾಬಿನ ಕಣ್ಣಿಗೆ ಬೀಳದಂತೆ ಬೆಂಚಿನ ಪಕ್ಕ ನೆಲದ ಮೇಲೆ ಕೂತು ಲೆಕ್ಕ ಬಿಡಿಸುತ್ತಿದ್ದಳು.

ಅಡುಗೆಯ ಸಹಾಯಕಿ ಲಾಲಬೀ ಕಿಟಕಿಗೆ ಬಂದು ಚಮಚ ಚಾಚುತ್ತಿದ್ದಳು. “ಹಂಪಕ್ಕ, ರುಚಿ ನೋಡು. ಹುಳಿ ಸಾಕೇನು?” ಹಂಪವ್ವ ಪರದೆಯಿಂದ ಕಣ್ಣು ಕೀಳದೆ ಬಾಯಿ ಮಾತ್ರ ತೆರೆಯುತ್ತಿದ್ದಳು.

ಹತ್ತೊಂಬತ್ತು ವರ್ಷ ದಿನಾ ಬೆಳಿಗ್ಗೆ ದೊಡ್ಡ ಪಾತ್ರೆಯ ಹಾಲು ಉಕ್ಕುವುದನ್ನು ಕಾದ ಕಣ್ಣುಗಳು ಅವು. ರೆಪ್ಪೆ ಬಡಿದರೆ ಹಾಲು ಒಲೆಯ ಪಾಲು. ಕನ್ನಡಕದ ತರುಣನನ್ನೂ ಅವಳು ಹಾಗೆಯೇ ನೋಡಿದಳು, ಈಗ ಉಕ್ಕುತ್ತಾನೆ ಎಂಬಂತೆ. ಅವನು ಉಕ್ಕಲಿಲ್ಲ. ಬೀಜಗಣಿತ ಹೇಳುತ್ತಲೇ ಹೋದ.

ಮನೆಯಲ್ಲಿ ವಿರುಪಣ್ಣನಿಗೆ ಇದು ಹಬ್ಬವಾಯಿತು. “ಏನಬೇ, ಇವತ್ತು ಮಾಸ್ತರ ಏನ್ ಕಲಿಸಿದ್ರು?”

“ಬಾಯಿ ಮುಚ್ಚಿಕೊಂಡು ಉಣ್ಣೂದು,” ಎಂದಳು ಹಂಪವ್ವ.

ಇಲ್ಲಿಯವರೆಗೆ ಇದು ನಗೆಪಾಟಲಷ್ಟೇ. ಆಗಸ್ಟಿನಲ್ಲಿ ಅಡುಗೆಯವರ ಹಾಜರಿಯೂ ಅದೇ ಟ್ಯಾಬಿಗೆ ಬಂತು. ಲಾಲಬೀ ಮುಖ ತೋರಿಸಿದಳು, ಟ್ಯಾಬ್ ಒಪ್ಪಿಕೊಂಡಿತು. ಹಂಪವ್ವ ತೋರಿಸಿದಾಗ ಪರದೆ ಕೆಂಪಾಯಿತು. ‘ಈ ಮುಖ ಅನುಸೂಯಾ, ಎಂಟನೇ ತರಗತಿ. ವಿದ್ಯಾರ್ಥಿಗಳನ್ನು ಅಡುಗೆ ಕೆಲಸಕ್ಕೆ ಹಚ್ಚುವುದು ಅಪರಾಧ. ದೂರು ದಾಖಲಾಗಿದೆ.’

ಸುಭಾಷ್ ಮಾಸ್ತರ್ ಬೆವರು ಒರೆಸಿಕೊಂಡು ಸುತ್ತೋಲೆ ಓದಿ ಹೇಳಿದರು. ಅಡುಗೆಯವರ ಪಟ್ಟಿ ಮಾರ್ಚ್ ಕೊನೆಯ ಶನಿವಾರ ಸಂಜೆ ಐದಕ್ಕೆ ಮುಚ್ಚುತ್ತದೆ. ಮುಖ್ಯ ಅಡುಗೆಯವರ ಜಾಗದಲ್ಲಿ ಆ ಹೊತ್ತಿಗೆ ಯಾರ ಮುಖ ಇರುತ್ತದೋ ಕೆಲಸ ಅವರದು. ಶಾಲಾ ಸಮಿತಿಯ ಅಧ್ಯಕ್ಷರ ಸೊಸೆ ಕವಿತಾ ಈ ಮಾತನ್ನು ಮಾಸ್ತರರಿಗಿಂತ ಮೊದಲೇ ಕೇಳಿದ್ದಳು. ಮರುದಿನದಿಂದ ಅವಳು ಯಾವುದೋ ನೆಪದಲ್ಲಿ ಅಡುಗೆಕೋಣೆಯ ಬಾಗಿಲಿಗೆ ಬಂದು ಡಬ್ಬಿಗಳನ್ನು ನೋಡಿ ಹೋಗತೊಡಗಿದಳು.

“ಏನ್ ಅಳತಿ ತೊಗೊಳ್ಳಾಕತ್ತೀಯಾ, ಕವಿತಾ?” ಎಂದು ಹಂಪವ್ವ ಕೇಳಿದಳು.

“ಸುಮ್ನ ನೋಡಾಕತ್ತಿದ್ದೆ, ಅತ್ತಿ. ಕಾಳಿನ ಡಬ್ಬಿ ಈ ಕಡೆ ಇಟ್ರ ಛಲೋ ಇತ್ತು.”

“ನಾ ಸತ್ತ ಮ್ಯಾಲೆ ಇಡುವಂತಿ.”

ದೂರು ದಾಖಲಾದದ್ದು ಸುಳ್ಳಾಗಿರಲಿಲ್ಲ. ದೀಪಾವಳಿ ಕಳೆದ ಮೇಲೆ ವಿಜಯಲಕ್ಷ್ಮಿ ಎಂಬ ತನಿಖೆಯ ಅಧಿಕಾರಿ ಜೀಪಿನಲ್ಲಿ ಬಂದರು. ಒಬ್ಬ ಬಾಲಕಿಯನ್ನು ಓದು ಬಿಡಿಸಿ ಅರವತ್ತು ಮಕ್ಕಳ ಅಡುಗೆಗೆ ಹಚ್ಚಿದ್ದಾರೆ ಎಂದು ಅವರ ಕಾಗದದಲ್ಲಿತ್ತು. ಬಾಲಕಿಗೆ ಕೊಡಲು ಒಂದು ಬೊಂಬೆಯನ್ನೂ ತಂದಿದ್ದರು. ನಿಯಮದ ಪ್ರಕಾರ ಬಾಲಕಿಯನ್ನು ಒಂಟಿಯಾಗಿ ಕೂಡಿಸಿಕೊಂಡು ಮಾತಾಡಿಸಬೇಕು. ಟ್ಯಾಬ್ ಗುರುತಿಸಿದ ಬಾಲಕಿಯನ್ನು ಕರೆತಂದು ಕೂಡಿಸಿದರು. ಅಧಿಕಾರಿ ಬೊಂಬೆಯನ್ನು ಮೇಜಿನ ಕೆಳಗೆ ಸರಿಸಿದರು. ಆದರೆ ಪ್ರಶ್ನೆಗಳು ಅಚ್ಚಾಗಿದ್ದವು, ಉತ್ತರದ ಜಾಗ ಖಾಲಿಯಿತ್ತು.

“ನಿನ್ನ ಒತ್ತಾಯ ಮಾಡಿ ಅಡಗಿಗೆ ಹಚ್ಚಿದವರು ಯಾರು?”

“ನಮ್ಮತ್ತಿ. ಈಗ ಸತ್ತಾಳ.”

“ಎಷ್ಟು ದಿನದಿಂದ ಮಾಡಾಕತ್ತೀಯಾ?”

“ನಲವತ್ತು ವರ್ಷ ಆತ್ರಿ.”

“ಆಟ ಆಡಾಕ ಬಿಡ್ತಾರೇನು?”

“ಈ ವಯಸ್ಸಿನ್ಯಾಗ ಏನ್ ಆಡ್ಲಿರಿ, ಯವ್ವ? ನೀವು ಊಟ ಮಾಡೀರೋ ಇಲ್ಲೋ, ಅದನ್ನ ಹೇಳ್ರಿ.”

ವಿಜಯಲಕ್ಷ್ಮಿ ಊಟ ಮಾಡಿದರು. ಎರಡು ಸಲ ಸಾರು ಹಾಕಿಸಿಕೊಂಡರು. ಕಣ್ಣಿಗೆ ಕಂಡದ್ದನ್ನು ಬರೆದರೆ ಟ್ಯಾಬು ಸುಳ್ಳಾಗುತ್ತದೆ, ಟ್ಯಾಬ್ ಹೇಳಿದ್ದನ್ನು ಬರೆದರೆ ತಾವು ಮೂರ್ಖರಾಗುತ್ತೇವೆ ಎಂದು ಯೋಚಿಸಿ ಮಧ್ಯದ ದಾರಿ ಹಿಡಿದರು. ವರದಿ ಹೀಗಿತ್ತು: ‘ಬಾಲಕಿ ಅಡುಗೆ ಮಾಡುತ್ತಿರುವುದು ಕಂಡುಬರಲಿಲ್ಲ. ದಾಖಲೆಯಂತೆ ಮುಖ್ಯ ಅಡುಗೆಯವರು ಇಲ್ಲ. ಸಹಾಯಕಿ ಇದ್ದಾರೆ. ಯಾರಿಗೆ ಸಹಾಯ ಮಾಡುತ್ತಿದ್ದಾರೆಂದು ತಿಳಿದುಬರಲಿಲ್ಲ. ಊಟ ಚೆನ್ನಾಗಿದೆ.’ ಬೊಂಬೆಯನ್ನು ಹಂಪವ್ವನಿಗೇ ಕೊಟ್ಟು ಸಹಿ ಹಾಕಿಸಿಕೊಂಡರು, ಏಕೆಂದರೆ ಅದು ಲೆಕ್ಕಕ್ಕೆ ಸೇರಿದ ಬೊಂಬೆ.

ಸುಭಾಷ್ ಮಾಸ್ತರ್ ಬರೆದ ಒಂಬತ್ತು ಪತ್ರಗಳಿಗೂ ‘ನಿಮ್ಮ ಅನಿಸಿಕೆಗೆ ಧನ್ಯವಾದ’ ಎಂಬ ಒಂದೇ ಉತ್ತರ ಬಂತು. ಜನವರಿಯಲ್ಲಿ ಹಂಪವ್ವ ಮಾಸ್ತರರನ್ನೂ ಅನುಸೂಯಾಳನ್ನೂ ಕರೆದುಕೊಂಡು ಗಂಗಾವತಿಗೆ ಹೊರಟಳು. ಕರೆದುಕೊಂಡು ಹೋದದ್ದು ಅವಳೇ. ಮಾಸ್ತರರು ಜೊತೆಗಿದ್ದರು, ಅಷ್ಟೆ. ಯೋಜನೆಯ ಕಚೇರಿ ಅಲ್ಲಿ ಒಂದು ರೈಸ್ ಮಿಲ್ಲಿನ ಮೇಲಿನ ಮಹಡಿಯಲ್ಲಿತ್ತು. ಸಂಯೋಜಕ ಪಂಪಾಪತಿ ಮರ್ಯಾದೆಯ ಮನುಷ್ಯ. ಕುರ್ಚಿ ಕೊಟ್ಟ, ಚಹಾ ತರಿಸಿದ, ಕಂಪ್ಯೂಟರ್ ತೆರೆದ. ತೆರೆದವನೇ ಅರಳಿದ.

“ಅನುಸೂಯಾ ಅಂದ್ರ ನೀವೇನ್ರಿ? ನಮ್ಮ ಯೋಜನಾಕ್ಕ ನೀವ ಮೊದಲನೇರು. ಏಕಾಗ್ರತಿ ನೂರಕ್ಕ ತೊಂಬತ್ತೆಂಟು. ಮಾಸ್ತರ ಮ್ಯಾಲಿಂದ ಕಣ್ಣ ಕಿತ್ತಿಲ್ಲ ನೀವು. ನಿಮ್ಮ ಹೆಸರು ರಾಜಧಾನಿ ತನಕಾ ಹೋಗೇತ್ರಿ.”

“ಅನುಸೂಯಾ ಈಕಿ,” ಎಂದು ಹಂಪವ್ವ ಹುಡುಗಿಯನ್ನು ತೋರಿಸಿದಳು. “ನಾ ಅಡಗಿ ಮಾಡಾಕಿ. ನನ್ನ ಮಾರಿ ನನಗ ಕೊಟ್ಟುಬಿಡ್ರಿ.”

ಪಂಪಾಪತಿ ಹುಡುಗಿಯನ್ನು ನೋಡಿದ, ಹೆಂಗಸನ್ನು ನೋಡಿದ, ಕೊನೆಗೆ ಕಂಪ್ಯೂಟರನ್ನು ನಂಬಿದ. ಬಾಗಿಲು ಮುಚ್ಚಿ ಬಂದು ದನಿ ತಗ್ಗಿಸಿದ.

“ಅಳಸಾಕ ಬರ್ತೈತ್ರಿ. ಒಂದ್ ಗುಂಡಿ ಒತ್ತಿದ್ರ ಆತು. ಆದ್ರ ಮಾರಿ ಕೂಡ ಹಾಜರೀನೂ ಹೋಗ್ತೈತಿ. ಈ ಹುಡುಗಿ ಎಂಟನೇತ್ತ ಮತ್ತೊಂದ್ ವರ್ಷ ಕುಂದ್ರಬೇಕು.”

“ಇನ್ನೊಂದು ದಾರಿ?” ಎಂದರು ಮಾಸ್ತರ್.

“ಪಾಸ್ ಆಗಬೇಕ್ರಿ. ಎಂಟನೇತ್ತ ಪಾಸ್ ಆದ ಕೂಡ್ಲೆ ಹೆಸರು ಈ ಸಾಲಿ ಬಿಡ್ತೈತಿ, ಮಾರೀನೂ ಬಿಡ್ತೈತಿ. ಪರೀಕ್ಷಾ ಮಾರ್ಚ್ ಕಡೀ ಶನಿವಾರ ಐತಿ. ಆದ್ರ ಪರೀಕ್ಷಾದಾಗ ಟ್ಯಾಬಿನ ಮುಂದ ಇದ ಮಾರಿ ಇರಬೇಕು. ಇನ್ನೊಂದ್ ಮಾರಿ ಕಂಡ್ರ ಮುಗೀತು. ಕಣ್ಣ ಮೂರ್ ಸಲ ಆ ಕಡೆ ಈ ಕಡೆ ಹೋದ್ರೂ ಮುಗೀತು.”

ವಾಪಸು ಬರುವಾಗ ಬಸ್ಸು ಹೇಮಗುಡ್ಡ ದಾಟಿತು. ಆಮೇಲೆ ಹಂಪವ್ವ ಸುತ್ತಿ ಬಳಸದೆ ಕೇಳಿದಳು. “ಏ ಹುಡುಗಿ, ಇನ್ನೊಂದ್ ವರ್ಷ ಕುಂದ್ರತೀಯೇನು?”

“ನಾ ಯಾಕ ಕುಂದ್ರಲಿ, ಆಯಿ? ನೀ ಯಾಕ ಹೋಗಿ ಬಗ್ಗಿದಿ ಅದರ ಮುಂದ?”

ಪ್ರಶ್ನೆ ನ್ಯಾಯವಾಗಿತ್ತು. ಹಂಪವ್ವನಿಗೆ ನ್ಯಾಯವಾದ ಪ್ರಶ್ನೆಗಳು ಹಿಡಿಸುತ್ತಿರಲಿಲ್ಲ, ಆದರೆ ಅವನ್ನು ಗುರುತಿಸುತ್ತಿದ್ದಳು. “ಹಂಗಾರ ಪಾಸ್ ಮಾಡ್ಸು,” ಎಂದಳು.

ಎರಡು ತಿಂಗಳು ಇಬ್ಬರೂ ಬೆವರಿಳಿಸಿದರು. ಬೀಜಗಣಿತವನ್ನು ಹಂಪವ್ವನ ತಲೆಗೆ ತುಂಬುವ ಪ್ರಯತ್ನವನ್ನು ಅನುಸೂಯಾ ನಾಲ್ಕನೇ ದಿನವೇ ಕೈಬಿಟ್ಟಳು. ಕಲಿಸಿದ್ದು ಬೇರೆ. ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ ಕೊಟ್ಟಿರುತ್ತಾರೆ. ಟ್ಯಾಬಿನಲ್ಲಿ ಕಾಣುವುದೆಲ್ಲ ಗೋಡೆಯ ಟಿ.ವಿ.ಯಲ್ಲೂ ಕಾಣುತ್ತದೆ. ಹಂಪವ್ವ ಟಿ.ವಿ.ಗೆ ಬೆನ್ನು ಮಾಡಿ ಕೂರಬೇಕು. ಅನುಸೂಯಾ ಟ್ಯಾಬಿನ ಹಿಂದೆ ಮಂಡಿಯೂರಿ ಕೂತು, ಟಿ.ವಿ. ಓದಿ, ಉತ್ತರ ಎಷ್ಟನೆಯದೋ ಅಷ್ಟು ಬೆರಳು ಟ್ಯಾಬಿನ ಅಂಚಿನ ಮೇಲೆ ಎತ್ತಬೇಕು. ಹಂಪವ್ವ ಒತ್ತಬೇಕು. ಇದು ನಕಲಲ್ಲವೇ ಎಂದು ಸುಭಾಷ್ ಮಾಸ್ತರರ ಮನಸ್ಸು ಕೇಳಿತು. ಅನುಸೂಯಾಳ ಪರೀಕ್ಷೆಗೆ ಅನುಸೂಯಾಳೇ ಉತ್ತರ ಹೇಳಿದರೆ ಅದಕ್ಕೆ ಏನೆನ್ನಬೇಕೆಂದು ಅವರಿಗೂ ತಿಳಿಯಲಿಲ್ಲ. ಪರೀಕ್ಷೆಯ ಹೊತ್ತಿಗೆ ತಾವು ಗೋಡೆಯ ಕಡೆ ಮುಖ ಮಾಡಿ ನಿಲ್ಲುವುದಾಗಿ ಹೇಳಿದರು.

ಆ ಶನಿವಾರ ಬಂತು. ಪಟ್ಟಿಯ ಮೊದಲ ಹೆಸರನ್ನು ಮಾಸ್ತರರು ಬೇಕೆಂದೇ ಕೊನೆಗೆ ಉಳಿಸಿದ್ದರು. ಬೇರೆ ಮಕ್ಕಳ ಸರದಿಯೆಲ್ಲ ಮುಗಿದು ಅನುಸೂಯಾಳ ಹೆಸರು ಬಂದಾಗ ಮಧ್ಯಾಹ್ನ ಹನ್ನೆರಡು. ಅಂಗಳದಲ್ಲಿ ಕವಿತಾ ಜರಿಯಂಚಿನ ಸೀರೆ ಉಟ್ಟು, ಮುಖಕ್ಕೆ ಪೌಡರ್ ಹಚ್ಚಿಕೊಂಡು, ಮಾವನ ಜೊತೆ ಕೂತಿದ್ದಳು. ಹಂಪವ್ವ ನಪಾಸಾದರೆ ಅಂದೇ ತನ್ನ ಮುಖ ಕೊಡಲು ಬಂದಿದ್ದಳು. ಇಪ್ಪತ್ತು ಪ್ರಶ್ನೆ, ಹತ್ತು ಸರಿಯಾದರೆ ಪಾಸು.

ಏಳು ಪ್ರಶ್ನೆ ಸಲೀಸಾಗಿ ಹೋದವು. ಬೆರಳು ಏಳುವುದು, ಗುಂಡಿ ಒತ್ತುವುದು. ಎಂಟನೆಯದರಲ್ಲಿ ಅಡುಗೆಕೋಣೆಯಿಂದ ಲಾಲಬೀಯ ದನಿ ಬಂತು. “ಹಂಪಕ್ಕ, ಬ್ಯಾಳಿ ತಳಾ ಹಿಡದೈತಿ.” ಹತ್ತೊಂಬತ್ತು ವರ್ಷದ ಅಭ್ಯಾಸ ಕತ್ತನ್ನು ತಿರುಗಿಸಿತು. ‘ಮೊದಲ ಎಚ್ಚರಿಕೆ’ ಎಂದಿತು ಟ್ಯಾಬ್. ಹನ್ನೊಂದನೆಯದರಲ್ಲಿ ಕಿಟಕಿಯ ಹೊರಗಿನಿಂದ ಪೌಡರಿನ ವಾಸನೆ ಬಂತು, ಹಂಪವ್ವ ಕಣ್ಣು ಹೊರಳಿಸಿದಳು. ‘ಎರಡನೆಯ ಎಚ್ಚರಿಕೆ.’

“ಆಯಿ, ಇನ್ನೊಂದ್ ಸಲ ನೋಡಿದ್ರ ನಾ ನಿನ್ನ ಬಿಡೂದಿಲ್ಲ,” ಎಂದು ಟ್ಯಾಬಿನ ಹಿಂದಿನಿಂದ ಪಿಸುದನಿ ಬಂತು.

ಹಂಪವ್ವ ಹಾಲಿನ ಕಣ್ಣು ತೆರೆದು ಕೂತಳು. ಲಾಲಬೀ ಮತ್ತೆ ಕೂಗಿದಳು. ಸೀದ ವಾಸನೆ ಕೋಣೆಯ ತುಂಬ ತುಂಬಿತು. ಅವಳ ಅಡುಗೆಕೋಣೆಯಿಂದ ಅಂಥ ವಾಸನೆ ಬಂದದ್ದು ಅದೇ ಮೊದಲು. ಕಣ್ಣಿನಲ್ಲಿ ನೀರು ಬಂತು, ಕತ್ತು ತಿರುಗಲಿಲ್ಲ. ಹನ್ನೆರಡು, ಹದಿಮೂರು, ಹದಿನಾಲ್ಕು. ಹದಿನೇಳನೆಯ ಪ್ರಶ್ನೆಯನ್ನು ಟ್ಯಾಬ್ ಗಟ್ಟಿಯಾಗಿ ಓದಿತು. ‘ಅರವತ್ತು ಮಕ್ಕಳಿಗೆ ತಲಾ ನೂರು ಗ್ರಾಂ ಅಕ್ಕಿ ಬೇಕು. ಒಟ್ಟು ಎಷ್ಟು ಕಿಲೋ?’ ಐದು, ಆರು, ಏಳು, ಎಂಟು.

ಅಂಚಿನ ಮೇಲೆ ಎರಡು ಬೆರಳು ಎದ್ದವು. ಹಂಪವ್ವ ಒತ್ತಲಿಲ್ಲ. ಬೆರಳುಗಳು ಅಲುಗಾಡಿದವು.

“ಆರು ಕಿಲೋ ಸಾಲೂದಿಲ್ಲ,” ಎಂದಳು ಹಂಪವ್ವ, ತುಟಿ ಅಲುಗಿಸದೆ.

“ಸಾಲೂದ್ ಕೇಳಿಲ್ಲ ಆಯಿ. ಲೆಕ್ಕಾ ಕೇಳ್ಯಾರ.”

“ಲೆಕ್ಕಾನ ಹೇಳಾಕತ್ತೀನಿ. ಏಳನೇತ್ತಿನ ಹುಡುಗೂರು ಎರಡ್ ಸಲ ಹಾಕಿಸ್ಕೊಂತಾರ.”

ಅವಳು ಏಳು ಒತ್ತಿದಳು. ಗೋಡೆಯ ಕಡೆ ಮುಖ ಮಾಡಿದ್ದ ಸುಭಾಷ್ ಮಾಸ್ತರ್ ಹಣೆಯನ್ನು ಗೋಡೆಗೇ ಆನಿಸಿದರು.

ಇಪ್ಪತ್ತಕ್ಕೆ ಹತ್ತೊಂಬತ್ತು ಸರಿ. ಅಕ್ಕಿಯ ಲೆಕ್ಕವೊಂದು ತಪ್ಪು. ‘ಅಭಿನಂದನೆಗಳು ಅನುಸೂಯಾ, ನೀವು ಎಂಟನೇ ತರಗತಿ ಉತ್ತೀರ್ಣರಾಗಿದ್ದೀರಿ. ಮುಂದಿನ ಶಾಲೆಗೆ ಶುಭವಾಗಲಿ.’ ಹಂಪವ್ವ ಅಭಿನಂದನೆಯನ್ನು ಕೇಳುವ ಮೊದಲೇ ಅಡುಗೆಕೋಣೆಗೆ ಓಡಿದ್ದಳು. ಸೀದ ಬೇಳೆಯನ್ನು ಚೆಲ್ಲಿ, ಹೊಸದಾಗಿ ಬೇಯಿಸಿ, ಅರವತ್ತು ಮಕ್ಕಳಿಗೂ ಬಡಿಸುವವರೆಗೆ ಅವಳನ್ನು ಕರೆಯುವ ಧೈರ್ಯ ಯಾರಿಗೂ ಆಗಲಿಲ್ಲ. ಊಟ ಆ ದಿನ ಒಂದು ಗಂಟೆ ತಡವಾಯಿತು. ಮೂರೂವರೆಗೆ ಅವಳು ಕೈ ಒರೆಸಿಕೊಂಡು ಬಂದು ಟ್ಯಾಬಿನ ಮುಂದೆ ನಿಂತಳು. ಈ ಸಲ ಟ್ಯಾಬ್ ತಕರಾರು ಮಾಡಲಿಲ್ಲ. ‘ಹಂಪವ್ವ, ಮುಖ್ಯ ಅಡುಗೆಯವರು. ನೋಂದಣಿ ಯಶಸ್ವಿ. ನೀವು ಈ ದಿನ ಏಳು ಗಂಟೆ ತಡವಾಗಿ ಬಂದಿದ್ದೀರಿ.’

ಕವಿತಾ ಎದ್ದು ಸೀರೆಯ ಧೂಳು ಕೊಡವಿಕೊಂಡಳು. “ಅಕ್ಕಿ ಲೆಕ್ಕ ತಪ್ಪೇತಂತಲ್ಲ, ಅತ್ತಿ?” ಎಂದಳು.

“ನಿನಗ ಹೆಂಗ ಗೊತ್ತಾದೀತು, ಯವ್ವ? ನಿಮ್ಮ ಮನ್ಯಾಗ ಅತ್ತಿ ಅಳದು ಕೊಡ್ತಾಳ,” ಎಂದಳು ಹಂಪವ್ವ.

ಜೂನ್ ಮೊದಲ ವಾರ ಅನುಸೂಯಾ ಅಡುಗೆಕೋಣೆಗೆ ಬಂದು ಒಂದು ಕಾಗದ ಚಾಚಿದಳು. ಯೋಜನೆಯವರು ಕಳಿಸಿದ ಪ್ರಮಾಣಪತ್ರ. ಹೆಸರು ಅವಳದು, ತಂದೆಯ ಹೆಸರು ಸರಿ, ಹುಟ್ಟಿದ ದಿನ ಸರಿ. ಭಾವಚಿತ್ರದಲ್ಲಿ ಹಣೆಯ ತುಂಬ ಕುಂಕುಮ ಹಚ್ಚಿಕೊಂಡ ಹಂಪವ್ವ. ಹಿಟ್ನಾಳದ ಹೈಸ್ಕೂಲಿನವರು ಪ್ರವೇಶ ಕೊಡಲು ಒಪ್ಪಿದ್ದರು. ಚಿತ್ರದಲ್ಲಿರುವವರು ತಾವು ಅನುಸೂಯಾ ಅಲ್ಲವೆಂದು ಬರೆದುಕೊಡಬೇಕು, ಅಷ್ಟೆ.

“ಈಗ ಬರೀಬೇಕೇನು? ಅನ್ನ ಇಳಸಬೇಕು ನಾನು.”

“ಹತ್ತು ಗಂಟಿಯೊಳಗ ಕೊಡಬೇಕು, ಆಯಿ. ನಾ ಬರೀತೀನಿ, ನೀ ಸಹಿ ಹಾಕು.”

ಅನುಸೂಯಾ ಹಿಟ್ಟಿನ ಡಬ್ಬಿಯ ಮೇಲೆ ಕಾಗದ ಇಟ್ಟು ಬರೆದಳು. ‘ಈ ಭಾವಚಿತ್ರದಲ್ಲಿ ಇರುವವಳು ನಾನು. ನಾನು ಅನುಸೂಯಾ ಅಲ್ಲ.’ ಹಂಪವ್ವ ಒದ್ದೆ ಕೈಯನ್ನು ಸೆರಗಿಗೆ ಒರೆಸಿ ನಿಧಾನವಾಗಿ ಸಹಿ ಮಾಡಿದಳು. ಹುಡುಗಿ ಕಾಗದ ಎಳೆದುಕೊಳ್ಳಲು ಹೋದರೆ ಬಿಡಲಿಲ್ಲ.

“ಅದರ ಕೆಳಗ ಬರಿ.”

“ಏನ್ ಬರೀಲಿ?”

“ಮುಖ್ಯ ಅಡುಗೆಯವರು, ಅಂತ ಬರಿ. ಇಲ್ಲಂದ್ರ ಯಾವ ಹಂಪವ್ವ ಅಂತ ಅವರಿಗೆ ಹೆಂಗ ಗೊತ್ತಾಗಬೇಕು?”

ಅನುಸೂಯಾ ಬರೆದಳು. ಹಂಪವ್ವ ಅಕ್ಷರಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಓದಿದಳು. ಆಮೇಲೆ ಕಾಗದ ಬಿಟ್ಟು ಅನ್ನ ಇಳಿಸಲು ಹೋದಳು.